ಎರಡೇ ಎರಡು ತಂತಿ, ಅದಕ್ಕೂ ಡಾಂಗಲ್ ಬೇಕಂತೆ

ಫೋನ್ ಲೈನಿನ ಮೂಲಕ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವಂತೆ ಮಾಡುವ ಮೋಡೆಮ್‌ಗೆ ಆ ಲೈನಿನಿಂದ ಬೇಕಾಗಿರುವುದು ಎರಡೇ ಎರಡು ತಂತಿ. ಗೋಡೆಯ ಫೋನ್ ಜಾಕ್‌ನಲ್ಲಿ (ಆರ್‌ಜೆ-11) ನಡುವಿನ ಎರಡು ಪಿನ್, ಅಲ್ಲಿಂದ ಎರಡು ತಂತಿ, ಅಷ್ಟೇ. ಆ ಎರಡು ತಂತಿಗಾಗಿ ನಾನು ಪಟ್ಟ ಪಾಡು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನನ್ನ ಹತ್ತಿರ ತೊಂಬತ್ತರ ದಶಕದ ಒಂದು ಲ್ಯಾಪ್‌ಟಾಪ್ ಇದೆ. ವಿಂಡೋಸ್ 95, ಪಕ್ಕದಲ್ಲಿ ಚಪ್ಪಟೆ ಕಾರ್ಡ್ ತೂರಿಸುವ ಪಿಸಿಎಂಸಿಐಎ ಸ್ಲಾಟ್. ಅದಕ್ಕೆ ಹೊಂದುವ ಮೋಡೆಮ್ ಕಾರ್ಡ್ ಬೆಂಗಳೂರಿನ ಎಸ್‌ಪಿ ರೋಡ್‌ನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಮೋಡೆಮ್ ಮತ್ತು ನೆಟ್‌ವರ್ಕ್ ಎರಡೂ ಒಂದೇ ಕಾರ್ಡಿನಲ್ಲಿ. ಇದರ ಡಾಂಗಲ್, ಅಂದರೆ ಕಾರ್ಡಿಗೆ ಫೋನ್ ವೈರ್ ಜೋಡಿಸುವ ತುಂಡು ಕೇಬಲ್ ಎಲ್ಲಿ ಅಂತ ಕೇಳಿದೆ. "ಕೇಬಲ್ ಎಲ್ಲಾ ಬೇರೆ ಗುಜರಿಗೆ ಹೋಯ್ತು ಸಾರ್, ಕಾರ್ಡ್ ಮಾತ್ರ ಇರೋದು" ಅಂದರು. ಎಲ್ಲಿ ಹುಡುಕಿದರೂ ಇದೇ ಕಥೆ. ಆನ್‌ಲೈನ್‌ನಲ್ಲಿ ಮಾರುವವರೂ ಕಾರ್ಡಿನ ಫೋಟೋ ಮಾತ್ರ ಹಾಕುತ್ತಾರೆ. ಡಾಂಗಲ್ ಬೇಕು ಅಂದರೆ ಕಾರ್ಡಿಗಿಂತ ಜಾಸ್ತಿ ದುಡ್ಡು ಕೇಳುತ್ತಾರೆ. ಕಾರ್ಡನ್ನು ಜೋಪಾನವಾಗಿ ಎತ್ತಿಟ್ಟು, ಅದರ ಬಾಲವನ್ನು ತಾಮ್ರದ ತೂಕಕ್ಕೆ ಹಾಕುವವರಿಗೆ ಏನು ಹೇಳಬೇಕು?

ಆದರೆ ನನ್ನ ಸಿಟ್ಟು ಅಂಗಡಿಯವರ ಮೇಲಲ್ಲ. ಈ ಕಾರ್ಡುಗಳನ್ನು ಹೀಗೆ ಮಾಡಿದವರ ಮೇಲೆ.

ಡಾಂಗಲ್ ಯಾಕೆ ಬಂತು ಅನ್ನುವುದು ನನಗೆ ಅರ್ಥವಾಗುತ್ತದೆ. ಟೈಪ್ 2 ಅನ್ನುವ ಈ ಅಳತೆಯ ಕಾರ್ಡಿನ ದಪ್ಪ 5 ಮಿಲಿಮೀಟರ್. ಫೋನ್ ಜಾಕ್ ಅದಕ್ಕಿಂತ ದಪ್ಪ. ಹಾಗಾಗಿ ಕಾರ್ಡಿನ ತುದಿಯಲ್ಲಿ ಒಂದು ಚಪ್ಪಟೆ ಕನೆಕ್ಟರ್, ಅದಕ್ಕೆ ಒಂದು ಗೇಣುದ್ದ ಕೇಬಲ್, ಅದರ ತುದಿಗೆ ಜಾಕ್. ಇಲ್ಲಿಯವರೆಗೆ ಸರಿ. ಲ್ಯಾಪ್‌ಟಾಪ್ ಒಳಗೆ ಹೋಗುವ ಕಡೆ 68 ಪಿನ್. ಅದು ಎಲ್ಲ ಕಂಪನಿಗಳ ಕಾರ್ಡಿನಲ್ಲೂ ಒಂದೇ ಥರ, ಯಾಕೆಂದರೆ ಎಲ್ಲರೂ ಸೇರಿ ಒಂದು ಮಾನದಂಡ ಒಪ್ಪಿಕೊಂಡಿದ್ದರು. ಅಂದರೆ ಒಪ್ಪಿಕೊಳ್ಳೋಕೆ ಬರುತ್ತಿತ್ತು, ಅಲ್ವಾ? ಕಷ್ಟದ 68 ಪಿನ್ನಿಗೆ ಒಪ್ಪಿಕೊಂಡವರು ಸುಲಭದ ಎರಡು ತಂತಿಗೆ ಯಾಕೆ ಒಪ್ಪಲಿಲ್ಲ? ಹೊರಗಿನ ಕಡೆ ಕಂಪನಿಗೊಂದು ಕನೆಕ್ಟರ್. ಒಂದೇ ಕಂಪನಿಯ ಎರಡು ಮಾಡೆಲ್‌ಗೆ ಎರಡು ಥರದ್ದು. ಯಾವ ಪಿನ್ ಏನು ಅಂತ ಕೈಪಿಡಿಯಲ್ಲಿ ಒಂದು ಸಾಲು ಕೂಡ ಇಲ್ಲ.

ಬೇರೆ ದಾರಿ ಇರಲಿಲ್ಲ ಅಂತ ಯಾರೂ ಹೇಳಬೇಡಿ. ಮೆಗಾಹರ್ಟ್ಸ್ ಕಂಪನಿಯ ಎಕ್ಸ್‌ಜಾಕ್ ಇತ್ತು. ಕಾರ್ಡಿನ ಒಳಗಿನಿಂದ ತೆಳ್ಳಗಿನ ಒಂದು ತುಂಡು ಹೊರಗೆ ಚಿಮ್ಮುತ್ತಿತ್ತು, ಫೋನ್ ವೈರನ್ನು ನೇರವಾಗಿ ಅದಕ್ಕೇ ಚುಚ್ಚಿದರೆ ಆಯಿತು. ಝೈರ್ಕಾಮ್‌ನ ರಿಯಲ್‌ಪೋರ್ಟ್ ಕಾರ್ಡು ಎರಡು ಸ್ಲಾಟ್ ಜಾಗ ತೆಗೆದುಕೊಳ್ಳುತ್ತಿತ್ತು, ಆದರೆ ಪೂರ್ತಿ ಅಳತೆಯ ಜಾಕ್ ಕಾರ್ಡಿನಲ್ಲೇ ಇತ್ತು. ಇಂಥ ಕಾರ್ಡು ಇವತ್ತು ಸಿಕ್ಕಿದರೂ ವೈರ್ ಹಾಕಿ ಬಳಸಬಹುದು. ಮನಸ್ಸು ಮಾಡಿದವರು ಮಾಡಿದರು.

ಇನ್ನು "ಸುಮ್ನೆ ಎರಡು ತಂತಿ ಬೆಸುಗೆ ಹಾಕು" ಅನ್ನುವವರಿಗೆ. ಯಾವ ಎರಡು ಪಿನ್ನಿಗೆ? ಹೋಗಲಿ, ಡಾಂಗಲ್ ಒಳಗೆ ಬರೀ ತಂತಿ ಇತ್ತೋ, ಬೇರೆ ಏನಾದರೂ ಭಾಗ ಇತ್ತೋ, ಕೈಯಲ್ಲಿ ಇಲ್ಲದಿದ್ದರೆ ಹೇಗೆ ಗೊತ್ತಾಗಬೇಕು? ಫೋನ್ ಲೈನಿನಲ್ಲಿ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ. ರಿಂಗ್ ಬಂದಾಗ ಅದರ ಮೇಲೆ ಇನ್ನೂ ಜಾಸ್ತಿ ಏಸಿ. ತಪ್ಪು ಪಿನ್ನಿಗೆ ಕೊಟ್ಟರೆ ಕಾರ್ಡು ಸುಟ್ಟುಹೋಗಬಹುದು, ಲ್ಯಾಪ್‌ಟಾಪೂ ಉಳಿಯುತ್ತದೆ ಅನ್ನುವ ಭರವಸೆ ಇಲ್ಲ.

ಹಾಗಾಗಿ ಲೈನ್ ಮುಟ್ಟದೆ ಹುಡುಕಬೇಕಾಯಿತು. ಮೊದಲು ಮಲ್ಟಿಮೀಟರ್ ಹಿಡಿದು, ಕಾರ್ಡಿನ ಗ್ರೌಂಡಿಗೆ ತಾಗುವ ಪಿನ್‌ಗಳನ್ನು ಬದಿಗಿಟ್ಟೆ. ಉಳಿದವುಗಳಲ್ಲಿ ಯಾವಾಗಲೂ ಒಂದಕ್ಕೊಂದು ತಾಗಿರುವ ಜೋಡಿಗಳು ನೆಟ್‌ವರ್ಕಿನ ಟ್ರಾನ್ಸ್‌ಫಾರ್ಮರ್‌ಗೆ ಹೋಗುವಂಥವು. ಅವನ್ನೂ ಬಿಟ್ಟೆ. ಮಿಕ್ಕ ಪಿನ್‌ಗಳಿಗೆ ಜೋಡಿಜೋಡಿಯಾಗಿ 9 ವೋಲ್ಟ್ ಬ್ಯಾಟರಿ, ಸರಣಿಯಲ್ಲಿ ಒಂದು ರೆಸಿಸ್ಟರ್. ಮೋಡೆಮ್‌ಗೆ ಆದೇಶ ಕೊಡಲು ವಿಂಡೋಸ್‌ನಲ್ಲಿದ್ದ ಹೈಪರ್‌ಟರ್ಮಿನಲ್ ಪ್ರೋಗ್ರಾಮಿನಲ್ಲಿ ಎಟಿಎಚ್1 ಅಂತ ಕೊಟ್ಟರೆ ಮೋಡೆಮ್ ಫೋನ್ ಎತ್ತಿದ ಹಾಗೆ. ಆಗ ಮಾತ್ರ ಕರೆಂಟ್ ಹರಿದು, ಎಟಿಎಚ್0 (ಫೋನ್ ಇಡು) ಕೊಟ್ಟಾಗ ನಿಲ್ಲುವ ಜೋಡಿಯೇ ಫೋನ್ ಜೋಡಿ. ಕೂದಲಿನಷ್ಟು ತೆಳ್ಳಗಿನ ಪಿನ್ನುಗಳ ಮೇಲೆ ಕಣ್ಣು ನೋಯುವವರೆಗೆ ಹುಡುಕಿದೆ. ಕೈಪಿಡಿಯಲ್ಲಿ ಅರ್ಧ ಪುಟದ ಚಿತ್ರ ಇದ್ದಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ಫೈಲ್ ತೆಗೆಯೋಕೆ ಸೀರಿಯಲ್ ಕೇಬಲ್ ಸಾಕಲ್ವಾ ಅಂತ ಸ್ನೇಹಿತರು ಕೇಳುತ್ತಾರೆ. ನನಗೆ ಫೈಲ್ ಬೇಕಿಲ್ಲ. ಮೋಡೆಮ್ ಮಾತಾಡುವುದು ಬೇಕು. 1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ನಮ್ಮ ದೇಶದ ಜನರಿಗೆ ಇಂಟರ್ನೆಟ್ ತೆರೆದಾಗ ಅದು ಬಂದದ್ದು ಮೋಡೆಮ್ ಸಂಪರ್ಕ ಸಾಧಿಸುವಾಗಿನ ಕಿರುಚಾಟದ ಜೊತೆಗೇ. ಅದನ್ನು ರೆಕಾರ್ಡಿಂಗ್‌ನಲ್ಲಿ ಅಲ್ಲ, ನಿಜವಾದ ಯಂತ್ರದಲ್ಲಿ ನನ್ನ ಮಕ್ಕಳಿಗೆ ಕೇಳಿಸಬೇಕು ಅನ್ನುವ ಆಸೆ ಅಷ್ಟು ದೊಡ್ಡದಾ?

ಮನೆಗೆ ಈಗ ಬರುವುದು ಫೈಬರ್. ಅದರ ಪೆಟ್ಟಿಗೆಯ ಫೋನ್ ಪೋರ್ಟಿನಲ್ಲಿ ಧ್ವನಿ ಪ್ಯಾಕೆಟ್ ಆಗಿ ಹೋಗುತ್ತದೆ, ಮೋಡೆಮ್‌ಗಳ ಸಂಪರ್ಕ ನಿಲ್ಲುವುದು ಕಷ್ಟ. ಅದಕ್ಕೇ ಇನ್ನೊಂದು ಹಳೇ ಮೋಡೆಮ್ಮನ್ನು ಅದೇ ಬ್ಯಾಟರಿ, ರೆಸಿಸ್ಟರ್ ಮೂಲಕ ನೇರವಾಗಿ ಈ ಕಾರ್ಡಿಗೆ ಜೋಡಿಸಿದೆ. ಡಯಲ್ ಟೋನ್ ಇರುವುದಿಲ್ಲವಲ್ಲ, ಅದಕ್ಕೆ ಈ ಕಡೆ ಎಟಿಎಕ್ಸ್3ಡಿ (ಟೋನಿಗೆ ಕಾಯದೆ ಕರೆ ಮಾಡು), ಆ ಕಡೆ ಎಟಿಎ (ಉತ್ತರಿಸು). ಕೂಗಿತು. ಸೆಕೆಂಡಿಗೆ 33,600 ಬಿಟ್ ವೇಗಕ್ಕೆ ಕೂಡಿಕೊಂಡಿತು. 56ಕೆ (56,000) ವೇಗ ಬರಬೇಕಾದರೆ ಒಂದು ಕಡೆ ಡಿಜಿಟಲ್ ಲೈನ್ ಇರಬೇಕು, ಆದ್ದರಿಂದ ಇದೇ ಗರಿಷ್ಠ.

ಬೆಸುಗೆ ಹಾಕಿದ ಕಾರ್ಡನ್ನು ಇನ್ನು ಚೀಲಕ್ಕೆ ಹಾಕಿಕೊಂಡು ಓಡಾಡುವ ಹಾಗಿಲ್ಲ. ಸ್ವಲ್ಪ ಎಳೆದರೂ ಪಿನ್ ಕಿತ್ತು ಬರುತ್ತದೆ. ನೆಟ್‌ವರ್ಕ್ ಜೋಡಿಗಳಲ್ಲಿ ಕಳಿಸುವುದು ಯಾವುದು, ಪಡೆಯುವುದು ಯಾವುದು ಅನ್ನುವುದು ಇನ್ನೂ ಬಾಕಿ. ನಿಮ್ಮ ಮನೆಯ ವೈರಿನ ಡಬ್ಬದಲ್ಲಿ ಒಂದು ಕಡೆ ಚಪ್ಪಟೆ ಕನೆಕ್ಟರ್, ಇನ್ನೊಂದು ಕಡೆ ಫೋನ್ ಜಾಕ್ ಇರುವ ತುಂಡು ಕೇಬಲ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮಲ್ಟಿಮೀಟರ್ ಇದ್ದರೆ ಯಾವ ಪಿನ್ ಯಾವ ತಂತಿಗೆ ಹೋಗುತ್ತದೆ ಅಂತ ನೋಡಿ, ಮೇಲಿರುವ ಮಾಡೆಲ್ ನಂಬರ್ ಜೊತೆ ಬರೆದು ಹಾಕಿ. ಕಂಪನಿಗಳಂತೂ ಬರೆಯಲಿಲ್ಲ.