ಒಂದು ತಿಂಗಳು ಫೋನ್ ಮಾಡದೆ ಇರೋದು ಹೇಗೆ?

ಕಾಲೇಜಿಗೆ ಸೇರಿಸಿದ ಮೊದಲ ತಿಂಗಳು ಪಾಲಕರು ಫೋನ್ ಮಾಡಬಾರದು, ಮಕ್ಕಳು ತಾವಾಗಿಯೇ ಹೊಂದಿಕೊಳ್ಳುತ್ತಾರೆ ಅಂತ ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಡಿಗ್ರಿಗೆ ಹೋಗುವವರಿಗೆ ಸರಿಯಿರಬಹುದು. ಆದರೆ ನಮ್ಮಲ್ಲಿ ಕಾಲೇಜು ಶುರುವಾಗೋದೇ ಪಿಯುಸಿಯಿಂದ, 16ರ ಮಕ್ಕಳು ಅಲ್ವಾ?

ನನ್ನ ಮಗಳು ಬೈಂದೂರು ಕಡೆಯ ಕನ್ನಡ ಶಾಲೆಯಿಂದ ಮಂಗಳೂರಿಗೆ ಸೈನ್ಸ್ ಓದಲು ಹೋದವಳು. ಜೂನ್ ಮಳೆ, ಹಾಸ್ಟೆಲಿನಲ್ಲಿ ಬಟ್ಟೆಯೂ ಒಣಗುವುದಿಲ್ಲ. ಫೋನಿನಲ್ಲಿ ಏನು ಕೇಳಿದರೂ "ಹ್ಞೂಂ" ಅಷ್ಟೇ. ಆ ದನಿ ಕೇಳಿಯೇ ಎರಡನೇ ಶನಿವಾರ ಬಸ್ಸು ಹತ್ತಿದೆ. ಅವಳ ಫಿಸಿಕ್ಸ್ ನೋಟ್ಸಿನಲ್ಲಿ ಇಂಗ್ಲಿಷ್ ಪದಗಳ ಮೇಲೆ ಪೆನ್ಸಿಲಿನಲ್ಲಿ ಸಣ್ಣಗೆ ಕನ್ನಡ. ವೆಲಾಸಿಟಿ ಮೇಲೆ ವೇಗ, ಆಕ್ಸಲರೇಶನ್ ಮೇಲೆ ವೇಗೋತ್ಕರ್ಷ. ನಾಲ್ಕು ಪುಟ ಹೀಗೆ. ಆಮೇಲೆ ಪುಟಗಳೆಲ್ಲ ಖಾಲಿ. ನೋಡಿ ಹೊಟ್ಟೆ ಚುರ್ ಅಂತು.

ಸುಮ್ನೆ ಮನೆಯಲ್ಲೇ ಕೂತಿದ್ದರೆ ಆ ಖಾಲಿ ಪುಟ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅವತ್ತೇ ಲೆಕ್ಚರರ್ ಹತ್ತಿರ ಮಾತಾಡಿದೆ. ಪಾಪ, ಕ್ಲಾಸ್ ಮುಗಿದ ಮೇಲೆ ಅರ್ಧ ಗಂಟೆ ಕನ್ನಡದಲ್ಲೇ ಬಿಡಿಸಿ ಹೇಳುತ್ತಿದ್ದಾರೆ. ಕನ್ನಡ ಮಾಧ್ಯಮದಿಂದ ಬಂದ ಇನ್ನೂ ಮೂವರು ಮಕ್ಕಳು ಜೊತೆಗೆ ಕೂರುತ್ತಾರಂತೆ.