ಹೊಟ್ಟೆಯ ಆಮ್ಲ ನಿಮಗೇನು ದ್ರೋಹ ಮಾಡಿದೆ?

ಇವತ್ತು ಗೃಹಪ್ರವೇಶದ ಊಟ. ಎಲೆಗೆ ಇನ್ನೂ ಅನ್ನ ಬಿದ್ದಿರಲಿಲ್ಲ, ಪಕ್ಕದಲ್ಲಿ ಕೂತವರು ಜೇಬಿನಿಂದ ಮಾತ್ರೆ ಶೀಟ್ ತೆಗೆದರು. ತಾವೊಂದು ನುಂಗಿದರು, ಆಚೆಯವರಿಗೊಂದು ಕೊಟ್ಟರು. ಕೋಸಂಬರಿ ಬಡಿಸಿದ ಹಾಗೆ ನನ್ನ ಕಡೆಗೂ ಚಾಚಿದರು. "ತಗೊಳ್ಳಿ ಮೇಡಂ, ಗ್ಯಾಸ್ ಮಾತ್ರೆ. ಆಮೇಲೆ ಒಬ್ಬಟ್ಟು ಎಷ್ಟು ಬೇಕಾದ್ರೂ ತಿನ್ನಬಹುದು." ಬೇಡ ಅಂದೆ. "ನಿಮಗೆ ಗ್ಯಾಸ್ಟ್ರಿಕ್ ಇಲ್ವಾ?" ಅಂತ ಮರುಕದಿಂದ ನೋಡಿದರು. ನಾನು ನೀರು ಕುಡಿಯಲು ಲೋಟ ಎತ್ತಿದರೆ, "ಊಟದ ಮಧ್ಯೆ ನೀರು ಕುಡೀಬೇಡಿ, ಜಠರರಸ ತೆಳುವಾಗುತ್ತೆ" ಅಂತ ಬುದ್ಧಿ ಬೇರೆ ಹೇಳಿದರು. ಆ ರಸದ ಆಮ್ಲವನ್ನೇ ತಡೆಯುವ ಮಾತ್ರೆ ಆಗ ತಾನೇ ಅವರ ಗಂಟಲಲ್ಲಿ ಇಳಿದಿತ್ತು!

ಜೀವಶಾಸ್ತ್ರ ಪಾಠ ಹೇಳಿಯೇ ಹೊಟ್ಟೆ ಹೊರೆದವಳು ನಾನು. ಇಂಥದ್ದಕ್ಕೆ ಸುಮ್ನಿರೋದು ಹೇಗೆ?

ಜಠರ ದಿನಕ್ಕೆ ಸುಮಾರು 2 ಲೀಟರ್ ರಸ ಸುರಿಸುತ್ತದೆ. ಅದರಲ್ಲಿರುವ ಆಮ್ಲ ಇಲ್ಲದಿದ್ದರೆ ಪ್ರೋಟೀನು ಒಡೆಯುವ ಪೆಪ್ಸಿನ್ ಕೆಲಸಕ್ಕಿಳಿಯುವುದಿಲ್ಲ. ಊಟದ ಜೊತೆ ಒಳಹೊಕ್ಕ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಆಹಾರದಲ್ಲಿರುವ ಬಿ12 ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ.

ಆ ಆಮ್ಲ ಮನಸ್ಸಿಗೆ ಬಂದಷ್ಟು ಸುರಿಯುತ್ತದೆ ಅಂದುಕೊಂಡಿದ್ದೀರಾ? ರಷ್ಯಾದ ವಿಜ್ಞಾನಿ ಪಾವ್ಲೋವ್ ಅಂದರೆ ಎಲ್ಲರಿಗೂ ನಾಯಿ, ಗಂಟೆ ನೆನಪಾಗುತ್ತದೆ. ಅವರಿಗೆ 1904ರ ನೊಬೆಲ್ ಸಿಕ್ಕಿದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ತಿಂದ ಮಾಂಸ ಜಠರಕ್ಕೆ ಇಳಿಯದೆ ಕುತ್ತಿಗೆಯ ರಂಧ್ರದಿಂದ ಹೊರಬೀಳುವಂತೆ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿದ್ದರು. ಆದರೂ ಜಠರದಲ್ಲಿ ರಸ ಸುರಿಯಿತು. ಮೆದುಳಿನಿಂದ ಜಠರಕ್ಕೆ ಬರುವ ವೇಗಸ್ ನರ ಕತ್ತರಿಸಿದರೆ ಅದು ನಿಂತಿತು. ಊಟ ಒಳಗೆ ಬಿದ್ದ ಮೇಲೆ ಗ್ಯಾಸ್ಟ್ರಿನ್ ಹಾರ್ಮೋನು ರಕ್ತಕ್ಕೆ ಸೇರಿ ಇನ್ನಷ್ಟು ಆಮ್ಲ ತರಿಸುತ್ತದೆ. ಆಮ್ಲ ಸಾಕಷ್ಟಾಯಿತು ಅಂದರೆ ಸೊಮ್ಯಾಟೊಸ್ಟಾಟಿನ್ ಎಂಬ ಇನ್ನೊಂದು ಹಾರ್ಮೋನು ಬಂದು ಗ್ಯಾಸ್ಟ್ರಿನ್ನನ್ನು ತಡೆಯುತ್ತದೆ. ಅಲ್ಲಿಂದ ಮುಂದೆ ಸಣ್ಣ ಕರುಳು. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು, ನರಗಳನ್ನೆಲ್ಲ ಕತ್ತರಿಸಿದ ಕರುಳಿನ ತುಂಡಿಗೆ ಆಮ್ಲ ಹಾಕಿ ನೋಡಿದರು. ನರದ ಸಂಪರ್ಕವೇ ಇಲ್ಲ, ಆದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಆಮ್ಲ ತಾಗಿದ ಕರುಳು ಸೆಕ್ರೆಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಟ್ಟಿತ್ತು. ಆ ಕರೆಗೆ ಬರುವ ರಸದಲ್ಲಿ ಬೈಕಾರ್ಬನೇಟ್ ಇರುತ್ತದೆ, ಆಮ್ಲದ ಉರಿ ಅಲ್ಲೇ ಮುಗಿಯುತ್ತದೆ. ಇಷ್ಟೆಲ್ಲ ನಮ್ಮನ್ನು ಒಂದು ಮಾತೂ ಕೇಳದೆ ನಡೆಯುತ್ತದೆ. ನಾವು ಮಾತ್ರ ಶೀಟ್ ಹರಿಯುತ್ತಾ ಕೂತಿರುತ್ತೇವೆ.

ಇನ್ನು ಆ "ಗ್ಯಾಸ್" ಕಥೆ. ಗ್ಯಾಸ್ ಆಗುವುದು ಮುಖ್ಯವಾಗಿ ನುಂಗಿದ ಗಾಳಿಯಿಂದ, ಬೇಳೆಕಾಳನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹುಳಿಸುವುದರಿಂದ. ಆಮ್ಲ ನಿಲ್ಲಿಸಿದರೆ ಅದು ಹೋಗುತ್ತಾ? ಅದೂ ಪ್ಯಾಂಟೊಪ್ರಜೋಲ್ ತರಹದ ಆಮ್ಲ ತಗ್ಗಿಸುವ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲಾದರೂ ತಗೋಬೇಕು. ಎಲೆ ಮುಂದೆ ಕೂತು ನುಂಗುವುದು ಬರೀ ಶಾಸ್ತ್ರಕ್ಕೆ.

"ಅಲ್ಸರ್ ಇರೋರು ಏನ್ಮಾಡ್ಬೇಕು ಮೇಡಂ?" ಅಂತ ಕೇಳುವವರು ಇದ್ದೇ ಇರುತ್ತಾರೆ. ನಮ್ಮಪ್ಪ ಒಂದು ರಾತ್ರಿ ರಕ್ತ ಕಾರಿಕೊಂಡಿದ್ದು ನಾನು ಮರೆಯುವ ಹಾಗಿಲ್ಲ. ಅವರನ್ನು ಉಳಿಸಿದ್ದು ಇದೇ ಜಾತಿಯ ಮಾತ್ರೆ, ಅದಕ್ಕೆ ಈಗಲೂ ಕೈ ಮುಗಿಯುತ್ತೇನೆ. ಆದರೆ ಡಾಕ್ಟರು ಎಂಡೋಸ್ಕೋಪಿ ಮಾಡಿ, ಅಲ್ಸರ್ ತರುವ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇದೆ ಅಂತ ಕಂಡುಹಿಡಿದು, ಕೋರ್ಸ್ ಕೊಟ್ಟು, ಆಮೇಲೆ ನಿಲ್ಲಿಸಿದರು. ನಮ್ಮ ಪಂಕ್ತಿಯ ಮಹನೀಯರಿಗೆ ಇದ್ದ ಕಾಯಿಲೆ ಒಬ್ಬಟ್ಟು.

ಸುಮ್ನೆ ತಿಂಗಳುಗಟ್ಟಲೆ ನುಂಗುವವರ ಗತಿ ಕೇಳಿ. ಆಮ್ಲ ಕಡಿಮೆಯಾದರೆ ಗ್ಯಾಸ್ಟ್ರಿನ್‌ಗೆ ತಡೆಯೇ ಇರುವುದಿಲ್ಲ, ಅದು ಏರುತ್ತಾ ಹೋಗುತ್ತದೆ. ಒಂದು ದಿನ ಥಟ್ಟನೆ ಮಾತ್ರೆ ಬಿಟ್ಟರೆ ಮೊದಲಿಗಿಂತ ಜಾಸ್ತಿ ಆಮ್ಲ ಬರಬಹುದು. ಎದೆ ಉರಿಯುತ್ತದೆ. "ನೋಡಿ, ಮಾತ್ರೆ ಇಲ್ಲದೆ ನನಗೆ ಆಗಲ್ಲ" ಅಂತ ಮತ್ತೆ ಮೆಡಿಕಲ್ ಶಾಪ್. ಅಂಗಡಿಯವನೂ ಚೀಟಿ ಕೇಳದೆ ಕೊಡುತ್ತಾನೆ.

ವರ್ಷಗಟ್ಟಲೆ ನುಂಗುತ್ತಿರುವವರು ಇದನ್ನು ಓದಿ ನಾಳೆಯೇ ಬಿಟ್ಟುಬಿಡಬೇಡಿ ಮತ್ತೆ! ಹೇಗೆ ಇಳಿಸುವುದು, ಬಿ12 ನೋಡಿಸಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಇನ್‌ಬಾಕ್ಸಿನಲ್ಲಿ ನನ್ನ ಹತ್ತಿರ ಡೋಸ್ ಕೇಳಬೇಡಿ, ನಾನು ಪಾಠದ ಮೇಡಂ ಅಷ್ಟೇ.