ಸತ್ಯಾಂಶ: 35 ದಾಟಿದ ಆಟಗಾರನನ್ನು ‘ಮಾರಲೇಬೇಕೆ’?

ಬಳ್ಳಾರಿಯಲ್ಲಿ ಬಿಸಿಲೇರುವ ಮೊದಲೇ ಬ್ಯಾಸ್ಕೆಟ್‌ಬಾಲ್ ಆಡುವ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಈ ವಾರ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಗ್ಗೆ ಒಂದು ಸಂದೇಶ ಬಂತು: ‘ಎನ್‌ಬಿಎ ನಿಯಮದಂತೆ 35 ದಾಟಿದವರನ್ನು ತಂಡ ಮಾರಲೇಬೇಕು’. ನಮ್ಮ ಗುಂಪಿನಲ್ಲಿ ಬಹುತೇಕರು 40 ದಾಟಿದವರು, ಗಾಬರಿಯಾದದ್ದು ಸಹಜ.

ಅಂಥ ನಿಯಮವಿಲ್ಲ. ‘ಮಾರಾಟ’ ಎಂಬ ಮಾತೂ ಅಷ್ಟು ಸರಿಯಲ್ಲ. ಅಲ್ಲಿ ನಡೆಯುವುದು ವಿನಿಮಯ: ಒಬ್ಬನನ್ನು ಕೊಟ್ಟು ಬೇರೆ ಆಟಗಾರರನ್ನೋ, ಮುಂದಿನ ಡ್ರಾಫ್ಟ್‌ನಲ್ಲಿ (ವರ್ಷಕ್ಕೊಮ್ಮೆ ತಂಡಗಳು ಸರದಿಯಂತೆ ಆಟಗಾರರನ್ನು ಆಯ್ದುಕೊಳ್ಳುವ ಕ್ರಮ) ಹೊಸಬರನ್ನು ಆರಿಸುವ ಹಕ್ಕನ್ನೋ ಪಡೆಯುತ್ತಾರೆ.

ಕರೀಂ ಅಬ್ದುಲ್ ಜಬ್ಬಾರ್ 1985ರ ಫೈನಲ್ಸ್‌ನ ಅತ್ಯುತ್ತಮ ಆಟಗಾರರಾದಾಗ ಅವರಿಗೆ 38. ಟಿಮ್ ಡಂಕನ್ 2014ರಲ್ಲಿ ಸ್ಯಾನ್ ಆಂಟೋನಿಯೊ ತಂಡದೊಂದಿಗೆ ಪ್ರಶಸ್ತಿ ಗೆದ್ದಾಗಲೂ 38.

ಹಾಗೆಂದು ಉಳಿಸಿಕೊಳ್ಳುವುದೇ ಸದಾ ಜಾಣತನವಲ್ಲ. 2013ರಲ್ಲಿ ಬಾಸ್ಟನ್ ತಂಡ 37ರ ಕೆವಿನ್ ಗಾರ್ನೆಟ್ ಮತ್ತು 35ರ ಪಾಲ್ ಪಿಯರ್ಸ್ ಅವರನ್ನು ಬ್ರೂಕ್ಲಿನ್‌ಗೆ ಕೊಟ್ಟಿತು. ಆಗ ಸಿಕ್ಕ ಡ್ರಾಫ್ಟ್ ಹಕ್ಕುಗಳ ಬಲದಿಂದಲೇ ಮುಂದೆ ಜೇಲೆನ್ ಬ್ರೌನ್, ಜೇಸನ್ ಟೇಟಮ್ ಬಂದರು. 2024ರಲ್ಲಿ ಪ್ರಶಸ್ತಿಯೂ ಬಂತು. ನನ್ನನ್ನು ಕೇಳಿದರೆ, ಹುಟ್ಟಿದ ವರ್ಷಕ್ಕಿಂತ ಮೊದಲು ನೋಡಬೇಕಾದದ್ದು ಮೊಣಕಾಲು ಮತ್ತು ಒಪ್ಪಂದದಲ್ಲಿ ಉಳಿದ ವರ್ಷಗಳು. ತನ್ನ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕೊಡುವಂತಿಲ್ಲ ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿಕೊಂಡ ಹಿರಿಯರೂ ಇದ್ದಾರೆ.